ಮ್ಯೂಸಿಯಂ ಹಿಂದಿನ ಸೂಪಿನಂಗಡಿ

ಫೆಬ್ರವರಿ 6

ಮ್ಯೂಸಿಯಂ ಹಿಂದಿನ ಓಣಿಯ ಲಾಡ್ಜಿನಲ್ಲಿ ಮೂರನೇ ಮಹಡಿಯ ಕೋಣೆ. ಕಿಟಕಿ ತೆಗೆದರೆ ಮ್ಯೂಸಿಯಂನ ಬೆನ್ನುಗೋಡೆ, ಅದರ ಕೆಳಗೆ ಸಾಲಾಗಿ ಕಸದ ಡಬ್ಬಗಳು. ಮುಂದಿನ ಕೋಣೆಗಳಿಗೆ ಉದ್ಯಾನ ಕಾಣುತ್ತದಂತೆ. ಅವು ಪ್ರವಾಸಿಗರಿಗೆ.

ಒಡತಿ ಬೀಗದ ಕೈ ಕೊಡುತ್ತಾ, "ಮ್ಯೂಸಿಯಂ ನೋಡೋಕೆ ಬಂದಿದ್ದೀರಾ?" ಎಂದಳು.

"ಅಕ್ಕನ್ನ ನೋಡೋಕೆ."

"ಅಕ್ಕ ಇದೇ ಊರಲ್ಲಿದ್ದಾರಾ? ಮತ್ತೆ ಲಾಡ್ಜ್ ಯಾಕೆ?"

ದಿಂಬಿನ ಚೀಲ ಬದಲಿಸದಿದ್ದರೂ ಬಾಯಿ ಮಾತ್ರ ಚುರುಕು. ಲಾಂಡ್ರಿಯಲ್ಲಿ ಇಷ್ಟು ವರ್ಷ ದುಡಿದವಳಿಗೆ ಹಾಸಿಗೆಯ ಬಟ್ಟೆ ಮುಟ್ಟಿದರೆ ಸಾಕು, ಮನೆ ಎಂಥದ್ದೆಂದು ತಿಳಿಯುತ್ತದೆ. ಇದು ಎರಡನೇ ನೀರು ಕಾಣದ ಬಟ್ಟೆ. ಸೋಪಿನ ಜಿಗುಟು ಹಾಗೇ ಇದೆ.

ಅಕ್ಕ ನೆಲಮಾಳಿಗೆಯ ಮೆಟ್ಟಿಲ ಮೇಲಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಾಳೆ. ಆಪರೇಷನ್ ಆಗಿದೆ. ಫೋನ್ ಮಾಡಿದ್ದು ಭಾವ, ಅವಳಲ್ಲ. "ಅಂಗಡಿ ಮೇಲಿನ ಮನೇಲಿ ಕೋಣೆ ಖಾಲಿ ಇದೆ, ಅಲ್ಲೇ ಇರಮ್ಮ" ಎಂದರು. ಹನ್ನೊಂದು ವರ್ಷದಿಂದ ತುಳಿಯದ ಹೊಸಿಲು ಅದು. ಮೂಳೆ ಮುರಿದ ನೆಪದಲ್ಲಿ ತುಳಿಯಲಾರೆ ಎನ್ನಬೇಕಿತ್ತು. "ಲಾಡ್ಜೇ ಆರಾಮ ಭಾವ" ಎಂದೆ.

ಫೆಬ್ರವರಿ 7

ಭಾವ ಆಸ್ಪತ್ರೆಗೆ ಹೋಗುವ ಹೊತ್ತು ನೋಡಿಕೊಂಡು ಅಂಗಡಿಗೆ ಹೋಗಿ ಗಿರಾಕಿಯಂತೆ ಕೂತೆ. ಆಗ ಎರಡು ಬೆಂಚು ಇದ್ದ ಕಡೆ ಈಗ ಒಪ್ಪವಾದ ಮೇಜುಗಳು, ಮೇಜಿಗೊಂದು ಗಾಜಿನ ಹೂಜಿ, ಮ್ಯೂಸಿಯಂ ಟಿಕೆಟ್ಟನ್ನು ಇನ್ನೂ ಕೈಯಲ್ಲೇ ಹಿಡಿದ ಪ್ರವಾಸಿಗರು. ಕುಂಬಳಕಾಯಿ ಸೂಪು ತರಿಸಿದೆ. ಒಂದು ಚಮಚ ಬಾಯಿಗೆ ಹೋದದ್ದೇ ತಡ, ಗೊತ್ತಾಯಿತು. ನನ್ನದೇ ಸೂಪು. ಬೆಳ್ಳುಳ್ಳಿಯನ್ನು ಕಪ್ಪಾಗುವ ಅಂಚಿಗೆ ತಂದು ತೆಗೆಯುವುದು ನಾನು ಕಂಡುಕೊಂಡದ್ದು, ಅದೂ ಒಂದು ದಿನ ಮೈಮರೆತು ಸೀಯಿಸಿದಾಗ.

ಎದುರು ಗೋಡೆಗೆ ಚೌಕಟ್ಟು ಹಾಕಿಸಿ ತೂಗುಬಿಟ್ಟಿದ್ದಾರೆ: "ತಾಯಿಯನ್ನು ಕಳೆದುಕೊಂಡ ಹೆಣ್ಣುಮಗಳೊಬ್ಬಳು ಒಂದು ಒಲೆ, ಒಂದು ಪಾತ್ರೆ ಇಟ್ಟುಕೊಂಡು ಒಬ್ಬಳೇ ಕಟ್ಟಿದ ಅಂಗಡಿ."

ಒಬ್ಬಳೇ. ಆ ಪಾತ್ರೆಯ ಮುಂದೆ ಬೆವರು ಸುರಿಸಿದವಳು ನಾನು. ಅಕ್ಕ ಬಾಗಿಲಲ್ಲಿ ನಿಂತು ಮ್ಯೂಸಿಯಂ ಕಾವಲುಗಾರರನ್ನು ಕೂಗಿ ಕರೆಯುತ್ತಿದ್ದಳು, ನಾನು ಬೇಯಿಸುತ್ತಿದ್ದೆ. ಅವಳಿಗೆ ಮದುವೆಯಾಯಿತು. ಆಮೇಲೆ ಒಂದು ಬೆಳಿಗ್ಗೆ ಕುಂಬಳಕಾಯಿ ಹೆಚ್ಚುತ್ತಿದ್ದ ನನ್ನ ಬಳಿ ಬಂದು, "ಒಂದು ಒರೇಲಿ ಎರಡು ಕತ್ತಿ ಇರಲ್ಲ ಕಣೇ. ನೀನು ಬೇರೆ ಏನಾದ್ರೂ ನೋಡ್ಕೋ" ಎಂದಳು. ಅಷ್ಟೇ. ಹೆಚ್ಚುತ್ತಿದ್ದದ್ದನ್ನು ಅರ್ಧಕ್ಕೆ ಬಿಟ್ಟು ಊರು ಬಿಟ್ಟೆ.

ಪಕ್ಕದ ಮೇಜಿನ ಹೆಂಗಸು ಗೋಡೆ ಓದಿ ಗಂಡನಿಗೆ, "ಎಂಥ ಗಟ್ಟಿಗಿತ್ತಿ ನೋಡಿ" ಎಂದಳು.

ಫೆಬ್ರವರಿ 8

ಆಸ್ಪತ್ರೆ. ಅಕ್ಕನ ಕೂದಲು ಪೂರ್ತಿ ಬೆಳ್ಳಗಾಗಿದೆ. ಯಾರೂ ಹೇಳಿರಲಿಲ್ಲ, ಹೇಳುವವರಾದರೂ ಯಾರಿದ್ದರು.

"ಬಂದ್ಯಾ."

"ಭಾವ ಕರೆದ್ರು."

"ಅವರು ಎಲ್ಲರನ್ನೂ ಕರೀತಾರೆ." ನನ್ನನ್ನು ಮೇಲಿಂದ ಕೆಳಗೆ ನೋಡಿ, "ತೆಳ್ಳಗಾಗಿದ್ದೀಯ" ಎಂದಳು.

"ಗೋಡೆ ಮೇಲಿರೋದನ್ನ ಓದಿದೆ."

"ಅದು ನಿನ್ನ ಭಾವ ಬರೆಸಿದ್ದು. ಊಟಕ್ಕೆ ಬಂದೋರು ಉದ್ದ ಕಥೆ ಓದಲ್ಲಂತೆ."

"ಇನ್ನೊಬ್ಬಳಿದ್ದಳು ಅಂತ ಸೇರಿಸಿದ್ರೆ ಎಷ್ಟು ಉದ್ದ ಆಗ್ತಿತ್ತು?"

ಅಕ್ಕ ಕಿಟಕಿಯ ಕಡೆ ನೋಡಿದಳು. "ಒಂದು ಸಾಲು" ಎಂದಳು. ಆಮೇಲೆ, ನನ್ನನ್ನು ನೋಡದೆಯೇ, "ನೀನು ಅಲ್ಲೇ ಇದ್ದಿದ್ರೆ ನಾವಿಬ್ಬರೂ ಮಾತು ಬಿಡ್ತಿದ್ದೆವು ಕಣೇ" ಎಂದಳು.

"ಈಗ ಬಿಟ್ಟಿಲ್ವಾ?"

ನರ್ಸು ಬಂದು ಮಗ್ಗುಲು ಬದಲಿಸಬೇಕೆಂದಳು. ಅಕ್ಕ ನೋವಿಗೆ ಹಲ್ಲು ಕಚ್ಚಿದಳು, ನನ್ನ ಕೈ ಮಾತ್ರ ಹಿಡಿಯಲಿಲ್ಲ. ಹಿಡಿಯಲೆಂದು ನಾನೂ ಚಾಚಲಿಲ್ಲ.

ಫೆಬ್ರವರಿ 11

ಈ ಬಡಾವಣೆಯಲ್ಲಿ ಹಸಿವಿಗೆ ಊಟ ಸಿಗುವುದು ಕಷ್ಟ, ಚಿತ್ರ ತೆಗೆಯಲು ಊಟ ಬೇಕಾದಷ್ಟು. ಮ್ಯೂಸಿಯಂ ಎದುರಿನ ಕಾಫಿ ಮನೆಯಲ್ಲಿ ಮೇಜು ಅಮೃತಶಿಲೆಯದ್ದು, ಕಾಫಿ ಅದರಷ್ಟೇ ತಣ್ಣಗೆ. ಅದರ ಪಕ್ಕದಲ್ಲಿ ತಟ್ಟೆ ಅಗಲ, ಊಟ ಅಂಗೈಯಷ್ಟು. ಮ್ಯೂಸಿಯಂ ಒಳಗಿನ ಕ್ಯಾಂಟೀನಿನಲ್ಲಿ ನಿನ್ನೆಯ ಆಲೂಗೆಡ್ಡೆಗೆ ಇವತ್ತಿನ ಸೊಪ್ಪು ಉದುರಿಸಿ ಕೊಟ್ಟರು.

ಮೂಲೆಯ ಬಾರು ಒಂದು ವಾಸಿ. ಸಂಜೆ ಮ್ಯೂಸಿಯಂ ಬಾಗಿಲು ಹಾಕಿದ ಮೇಲೆ ಕಾವಲುಗಾರರು ಕೋಟಿನ ಗುಂಡಿ ಬಿಚ್ಚಿಕೊಂಡು ಬರುತ್ತಾರೆ. ದಿನವಿಡೀ "ಮುಟ್ಟಬೇಡಿ, ಮುಟ್ಟಬೇಡಿ" ಎಂದು ಹೇಳಿ ಗಂಟಲು ಒಣಗಿದವರು. ನಾನೂ ಒಂದು ಲೋಟ ಕೆಂಪು ವೈನು ಹಿಡಿದು ಮೂಲೆ ಸೇರುತ್ತೇನೆ. ಯಾರಿಗೂ ನನ್ನ ಗುರುತಿಲ್ಲ. ಅವರಲ್ಲಿ ಇಬ್ಬರಿಗೆ ನಾನೇ ಕೈಯಾರೆ ಸೂಪು ಬಡಿಸಿದ್ದೇನೆ.

ಇವತ್ತು ಭಾವ ಅಲ್ಲಿಗೇ ಬಂದರು. ಮುಂದಿನ ವಾರ ಮ್ಯೂಸಿಯಂನಲ್ಲಿ ದೊಡ್ಡ ಪ್ರದರ್ಶನ ಶುರುವಂತೆ, ಸಾಲು ಬೀದಿ ದಾಟುತ್ತದಂತೆ.

"ಅಡುಗೆಮನೇಲಿ ಗುಬ್ಬಿ ಒಬ್ಬಳೇ. ಅವಳ ಕೈಲಿ ಆಗಲ್ಲ. ಸ್ವಲ್ಪ ದಿನ ನೀನು..."

"ನಾನು ಲಾಂಡ್ರಿಯವಳು ಭಾವ. ಒಗೆಯೋದಿದ್ರೆ ಹೇಳಿ."

"ಒಗೆಯೋದೂ ಇದೆ" ಎಂದರು, ಗಂಭೀರವಾಗಿಯೇ. ಈ ಮನುಷ್ಯನಿಗೆ ಚುಚ್ಚಿದ್ದೂ ತಿಳಿಯುವುದಿಲ್ಲ.

ಫೆಬ್ರವರಿ 13

ಬರೀ ನೋಡಿಕೊಂಡು ಬರೋಣವೆಂದು ಹೋದೆ.

ಗುಬ್ಬಿ ಎನ್ನುವುದು ಅಕ್ಕ ಇಟ್ಟ ಅಡ್ಡಹೆಸರು. ನನ್ನದೇ ವಯಸ್ಸಿನ ಹೆಂಗಸು, ನನ್ನ ಭುಜದ ಎತ್ತರ. ಒಲೆಯಿಂದ ತೊಟ್ಟಿಗೆ, ತೊಟ್ಟಿಯಿಂದ ಒಲೆಗೆ ನಡೆಯುವುದೇ ಇಲ್ಲ, ಕುಪ್ಪಳಿಸುತ್ತಾರೆ. ನನ್ನನ್ನು ಕಂಡವರೇ ಕೈ ಒರೆಸಿಕೊಂಡು ಮಣೆ ಹಾಕಿದರು.

"ಕೂತ್ಕೊಳ್ಳಿ ಚಿಕ್ಕಕ್ಕ. ಈ ಸೂಪು ನಿಮ್ಮದೇ ಅಂತಲ್ವಾ. ಅಕ್ಕ ಕಲಿಸೋವಾಗ ಹೇಳಿದ್ರು, ಇದು ನನ್ನ ತಂಗೀದು, ಒಂಚೂರೂ ಬದಲಾಯಿಸಬೇಡ ಅಂತ."

ಅಡುಗೆಮನೆಯಲ್ಲಿ ಹೇಳುವುದು ಸುಲಭ. ಗೋಡೆಯ ಮೇಲೆ ಬರೆಸುವಾಗ ನೆನಪು ಬರಲಿಲ್ಲ.

"ಬೆಳ್ಳುಳ್ಳಿ ಇನ್ನೊಂದು ಚಣ ಬಿಡಬೇಕಿತ್ತು ನೀವು" ಎಂದೆ.

"ಹೌದಾ? ನೀವು ನಿಂತು ತೋರಿಸ್ಬಿಡಿ" ಎಂದು ಸೌಟು ಕೈಗೆ ಕೊಟ್ಟರು. ಮಧ್ಯಾಹ್ನದವರೆಗೆ ಅಲ್ಲೇ ಇದ್ದೆ. ಸೀರೆಗೆ ಅಂಟಿದ ಬೆಳ್ಳುಳ್ಳಿ ವಾಸನೆ ಲಾಡ್ಜಿನ ಸೋಪಿಗೆ ಬಗ್ಗುತ್ತಿಲ್ಲ.

ಫೆಬ್ರವರಿ 21

ಬರೆಯಲು ಪುರುಸೊತ್ತಿಲ್ಲ. ಪ್ರದರ್ಶನಕ್ಕೆ ಬರುವವರೆಲ್ಲ ನಮ್ಮ ಬಾಗಿಲಿಗೇ ಬರುತ್ತಾರೆ, ಬಂದವರೆಲ್ಲರಿಗೂ ಅವಸರ. ಅದಕ್ಕೆ ಗುಬ್ಬಿ ಒಂದು ಉಪಾಯ ಮಾಡಿದರು. ಮೀನನ್ನು ನಿಂಬೆ, ಬೆಣ್ಣೆ, ತೆಳ್ಳಗೆ ಕೊಯ್ದ ಆಲೂಗೆಡ್ಡೆ ಜೊತೆ ಓವನ್ನಿನ ಶಾಖ ತಡೆಯುವ ಹಾಳೆಯಲ್ಲಿ ಪೊಟ್ಟಣ ಕಟ್ಟಿ ಮೊದಲೇ ಇಟ್ಟುಬಿಡುವುದು. ಕೇಳಿದ ಕೂಡಲೇ ಓವನ್ನಿಗೆ. ಗಿರಾಕಿ ಮೇಜಿನ ಮೇಲೇ ಪೊಟ್ಟಣ ಬಿಚ್ಚುತ್ತಾನೆ, ಹಬೆ ಮುಖಕ್ಕೆ ಏಳುತ್ತದೆ, ಸುತ್ತಲಿನವರೆಲ್ಲ ತಿರುಗಿ ನೋಡಿ ನಮಗೂ ಅದೇ ಎನ್ನುತ್ತಾರೆ. ಉಪ್ಪು ಕಡಿಮೆಯಾಗಿತ್ತು. ನಾನು ಹೇಳಿದೆ, ಸರಿಮಾಡಿದರು.

ಸಂಜೆ ಬಾರಿಗೆ ಗುಬ್ಬಿಯನ್ನೂ ಕರೆದುಕೊಂಡು ಹೋದೆ. ಒಂದು ಗುಟುಕಿಗೇ ಮುಖ ಕೆಂಪಾಯಿತು. ಗಂಡ ಸತ್ತ ವರ್ಷ ಅಕ್ಕ ಕೆಲಸ ಕೊಟ್ಟಳಂತೆ. "ಬಟ್ಟಲು ತೊಳೆಯೋಕೆ ಬಂದೆ ಚಿಕ್ಕಕ್ಕ. ಒಂದಿನ ಬಟ್ಟಲಲ್ಲಿ ಉಳಿದ ಸೂಪು ನೆಕ್ಕಿದ್ದು ನೋಡಿ, ಏನು ಕಮ್ಮಿ ಇದೆ ಹೇಳು ಅಂದ್ರು. ಹೇಳಿದೆ. ಮಾರನೇ ದಿನ ಒಲೆ ಮುಂದೆ ನಿಲ್ಲಿಸಿದ್ರು." ನಾನೂ ಕುಂಬಳಕಾಯಿ ಅರ್ಧಕ್ಕೆ ಬಿಟ್ಟು ಹೋದದ್ದು, ಗೋಡೆಯ ಮೇಲೆ ನಾನಿಲ್ಲದ್ದು, ಎಲ್ಲ ಹೇಳಿಕೊಂಡೆ. ಆಮೇಲೆ ಇಬ್ಬರೂ ತುಂಬಾ ನಕ್ಕೆವು. ಯಾವುದಕ್ಕೆಂದು ಈಗ ನೆನಪಿಲ್ಲ.

ಫೆಬ್ರವರಿ 27

ಲಾಂಡ್ರಿಗೆ ಫೋನ್ ಮಾಡಿ, ಇನ್ನು ಬರುವುದಿಲ್ಲ ಎಂದೆ.

ಮಾರ್ಚ್ 5

ಲಾಡ್ಜ್ ಬಿಟ್ಟು ಅಂಗಡಿಯ ಮೇಲಿನ ಮನೆಗೆ ಬಂದೆ. ಬೆಳಿಗ್ಗೆ ಮೀನಿನವನು ಬರುವ ಹೊತ್ತಿಗೆ ಕೆಳಗೆ ಯಾರಾದರೂ ಇರಬೇಕಲ್ಲ. ಹಾಸಿಗೆಯ ಬಟ್ಟೆಗಳನ್ನೆಲ್ಲ ನಾನೇ ಒಗೆದೆ. ಅಕ್ಕನಿಗೆ ಬಿಳಿ ಬಟ್ಟೆಗೆ ಬಿಸಿನೀರು ಹಾಕಬೇಕೆಂಬುದು ಇವತ್ತಿಗೂ ಗೊತ್ತಿಲ್ಲ.

ಗೋಡೆಯ ಸುಣ್ಣ ಮಾಸಿತ್ತು. ಬಳಿಯಲು ಆ ಚೌಕಟ್ಟು ಇಳಿಸಿ ನೆಲಮಾಳಿಗೆಗೆ ಕಳಿಸಿದೆ. ಭಾವ ನೋಡಿ ಏಣಿ ಹಿಡಿದುಕೊಂಡರು. ಅವರು ಎದುರಾಡುವ ಪೈಕಿಯಲ್ಲ.

ಆಸ್ಪತ್ರೆಗೆ ಮೊನ್ನೆಯೂ ಹೋಗಲಾಗಲಿಲ್ಲ. ಗುಬ್ಬಿ ಹೋಗಿಬರುತ್ತಾಳೆ, ಅಕ್ಕನಿಗೆ ತಲೆ ಬಾಚಿ ಬರುತ್ತಾಳಂತೆ. ಕೆಲಸದ ಹೊತ್ತಿನಲ್ಲಿ ಹೋಗಬೇಡ ಎಂದು ಹೇಳಬೇಕು.

ಮಾರ್ಚ್ 10

ನಮ್ಮ ಪೊಟ್ಟಣದ ಮೀನಿಗೆ ಹೊರಗೆ ಸಾಲು. ಲಾಡ್ಜಿನ ಒಡತಿ ತನ್ನ ಪ್ರವಾಸಿಗರನ್ನೆಲ್ಲ ಇಲ್ಲಿಗೇ ಕಳಿಸುತ್ತಾಳೆ. ನಿನ್ನೆ ತಾನೇ ಬಂದು ತಿಂದು, "ನಿಮ್ಮ ಕೈಗುಣ ಕಣ್ರೀ" ಎಂದಳು. ಅವಳ ಬಾಯಿಂದಲೂ ಒಂದು ಒಳ್ಳೆ ಮಾತು ಬರುತ್ತದೆ.

ಗುಬ್ಬಿ ತಟ್ಟೆ ಹಿಡಿದು ಹೊರಗೆ ಬಂದುಬಿಡುತ್ತಾಳೆ. ಮೇಜಿನ ಬಳಿ ನಿಂತು, ಚೆನ್ನಾಗಿದೆಯಾ, ನಿಂಬೆ ಸಾಕಾ ಎಂದು ವಿಚಾರಿಸುತ್ತಾಳೆ. ಮೈಮೇಲೆಲ್ಲ ಎಣ್ಣೆ, ಮೀನಿನ ಹುರುಪೆ. ನಾಲ್ಕು ಜನ ಬರುವ ಕಡೆ ಇದು ಸರಿಯೇ?

"ಒಳಗೇ ಇರು ಗುಬ್ಬಿ. ಹೊರಗಿಂದು ನಾನು ನೋಡ್ಕೋತೀನಿ."

"ಮುಖ ನೋಡಿದ್ರೆ ಗೊತ್ತಾಗುತ್ತೆ ಚಿಕ್ಕಕ್ಕ, ಏನು ಹೆಚ್ಚಾಯ್ತು ಏನು ಕಮ್ಮಿ ಅಂತ."

"ನಾನು ನೋಡಿ ಹೇಳ್ತೀನಿ."

ತಲೆಯಾಡಿಸಿ ಹೋದಳು. ಇಷ್ಟು ದಿನ ಅಕ್ಕ ಸಡಿಲ ಬಿಟ್ಟದ್ದು.

ಮಾರ್ಚ್ 14

ಪತ್ರಿಕೆಯವಳು ಬಂದಿದ್ದಳು. ಭಾನುವಾರದ ಪುರವಣಿಗೆ ಬರೆಯುತ್ತಾಳಂತೆ: ಮ್ಯೂಸಿಯಂ ಬಡಾವಣೆಯಲ್ಲಿ ಎಲ್ಲಿ ಉಳಿಯಬೇಕು, ಎಲ್ಲಿ ಉಣ್ಣಬೇಕು, ಎಲ್ಲಿ ಕುಡಿಯಬೇಕು. ಮೊದಲು ಸೂಪು, ಆಮೇಲೆ ಮೀನು. ಪೊಟ್ಟಣ ಬಿಚ್ಚಿದಾಗ ಹಬೆಗೆ ಕನ್ನಡಕ ಮಂಜಾಗಿ ನಕ್ಕಳು. ಅರ್ಧ ಕಣ್ಣು ಮುಚ್ಚಿ ತಿಂದಳು.

"ಇದರ ಹಿಂದೆ ಒಂದು ಕಥೆ ಇರಬೇಕಲ್ವಾ?" ಎಂದಳು.

ಇಷ್ಟು ವರ್ಷ ಯಾರೂ ನನ್ನನ್ನು ಕೇಳಿರಲಿಲ್ಲ. ಹೇಳಿದೆ. ತಾಯಿ ಹೋದದ್ದು, ಒಂದು ಒಲೆ, ಸೀದ ಬೆಳ್ಳುಳ್ಳಿ. ದೂರದ ಊರಿನಲ್ಲಿ ಕಂಡವರ ಬಟ್ಟೆ ಒಗೆದದ್ದು. ಅಂಗಡಿ ಮುಚ್ಚುವ ಹಂತಕ್ಕೆ ಬಂದಾಗ ಎಲ್ಲ ಬಿಟ್ಟು ಬಂದು ಕೈ ಹಾಕಿದ್ದು. ಪ್ರದರ್ಶನದ ಅವಸರದವರಿಗೆಂದು ಮೀನಿನ ಪೊಟ್ಟಣ ಶುರುಮಾಡಿದ್ದು. ಹೇಳುತ್ತಾ ಹೋದಂತೆ ನನಗೇ ಅಳು ಬಂತು. ಅವಳ ಕಣ್ಣೂ ಒದ್ದೆಯಾಯಿತು.

ಆ ಹೊತ್ತಿಗೆ ಸರಿಯಾಗಿ ಗುಬ್ಬಿ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಇನ್ನೊಂದು ತಟ್ಟೆ. ಎಷ್ಟು ಹೊತ್ತಿಂದ ನಿಂತಿದ್ದಳೋ.

"ಇವರು?" ಎಂದಳು ಪತ್ರಿಕೆಯವಳು.

"ಸಹಾಯಕ್ಕಿದ್ದಾರೆ."

ಗುಬ್ಬಿ ತಟ್ಟೆಯನ್ನು ಮೇಜಿನ ಮೇಲಿಟ್ಟು ಒಳಗೆ ಹೋದಳು. ಊಟಕ್ಕೆ ಬಂದವರ ಮುಂದೆ ಅಡುಗೆಮನೆಯ ಲೆಕ್ಕಾಚಾರವನ್ನೆಲ್ಲ ಹರಡಿಕೊಂಡು ಕೂರಲಾಗುತ್ತದೆಯೇ? ಅವಳಿಗೆ ಆಮೇಲೆ ತಿಳಿಸಿ ಹೇಳೋಣವೆಂದುಕೊಂಡೆ. ಮರೆತೆ.

ಮಾರ್ಚ್ 16

ಗುಬ್ಬಿ ಬೆಳಿಗ್ಗೆ ಬಂದು ಸೂಪು ಮಾಡಿಟ್ಟು, ಪೊಟ್ಟಣಗಳನ್ನೆಲ್ಲ ಕಟ್ಟಿಟ್ಟು, ಒಲೆ ಒರೆಸಿ, ಏಪ್ರನ್ನು ಮಡಿಸಿ ನನ್ನ ಮುಂದೆ ಇಟ್ಟಳು.

"ನಾಳೆಯಿಂದ ಬರಲ್ಲ ಚಿಕ್ಕಕ್ಕ."

"ಏನಾಯ್ತೀಗ?"

"ಏನೂ ಆಗಿಲ್ಲ. ಸಹಾಯಕ್ಕೆ ಬೇರೆ ಯಾರಾದ್ರೂ ಸಿಗ್ತಾರೆ."

"ಒಂದು ಮಾತಿಗೆ ಇಷ್ಟು ಸಿಟ್ಟಾ? ನಾನು ಎಂಥೆಂಥದ್ದು ನುಂಗಿಕೊಂಡಿದ್ದೀನಿ ಗೊತ್ತಾ ನಿಂಗೆ?"

"ಗೊತ್ತು" ಎಂದಳು. "ನೀವೇ ಹೇಳಿದ್ರಲ್ಲ, ಬಾರಲ್ಲಿ. ಅದಕ್ಕೇ ನಂಬೋಕಾಗ್ಲಿಲ್ಲ."

ಹೋದಳು. ಭಾವ ಬೀದಿ ಕೊನೆಯವರೆಗೂ ಹಿಂದೆ ಓಡಿ, ಬರಿಗೈಲಿ ಬಂದು ಕುರ್ಚಿಯಲ್ಲಿ ಕುಸಿದರು. ಇಂಥವರನ್ನು ತಲೆಯ ಮೇಲೆ ಕೂರಿಸಿಕೊಂಡರೆ ಹೀಗೇ. ನಾನು ಜೊತೆಗೆ ಕೂತು ವೈನು ಕುಡಿಸಿದ್ದು ಹೆಚ್ಚಾಯಿತು.

ಮಾರ್ಚ್ 19

ಪೊಟ್ಟಣ ಓವನ್ನಿನಲ್ಲೇ ಬಾಯಿ ಬಿಡುತ್ತಿದೆ. ಈ ಸಲದ ಹಾಳೆಯೇ ಸರಿಯಿಲ್ಲ.

ಮಾರ್ಚ್ 23

ಹಾಳೆ ಬದಲಿಸಿದೆ. ಮೀನೂ ಸರಿಯಿಲ್ಲ.

ಮಾರ್ಚ್ 29

ಪುರವಣಿ ಬಂತು. ಲಾಡ್ಜಿಗೆ ಮೂರು ಸಾಲು, ಬಾರಿಗೆ ಎರಡು, ನಮಗೆ ಅರ್ಧ ಪುಟ. ನನ್ನ ಫೋಟೋ, ಕೈಯಲ್ಲಿ ಸೌಟು. "ಒಬ್ಬ ಹೆಣ್ಣುಮಗಳ ಛಲ" ಎಂದು ಶೀರ್ಷಿಕೆ. ನಾಲ್ಕು ಪ್ರತಿ ತಂದೆ.

ಇವತ್ತೇ ಅಕ್ಕನೂ ಮನೆಗೆ ಬಂದಳು. ಇಬ್ಬರು ಹಿಡಿದು ಮೇಲೆ ಹತ್ತಿಸಿದರು. ಕಿಟಕಿಯ ಬಳಿಯ ಕುರ್ಚಿಯಲ್ಲಿ ಕೂತು ಪುರವಣಿಯನ್ನು ಮೊದಲಿಂದ ಕೊನೆಯವರೆಗೆ ಓದಿದಳು. ಅವಳ ಮುಖವನ್ನೇ ನೋಡುತ್ತಾ ನಿಂತಿದ್ದೆ. ಎಷ್ಟೋ ವರ್ಷದಿಂದ ನೋಡಬೇಕೆಂದುಕೊಂಡ ಮುಖ ಅದು.

ಕನ್ನಡಕ ತೆಗೆದು, "ಗುಬ್ಬಿ ಎಲ್ಲಿ?" ಎಂದಳು.

"ಬಿಟ್ಟು ಹೋದಳು."

"ಬಿಟ್ಟಳೋ, ಬಿಡಿಸಿದ್ಯೋ?"

"ತಾನಾಗೇ ಹೋದಳು. ನಿನ್ನ ಹಾಗೆ ನಾನು ಯಾರನ್ನೂ ಹೊರಗೆ ಹಾಕಿಲ್ಲ."

ಅಕ್ಕ ಪುರವಣಿಯನ್ನು ಮಡಿಸಿ ನನ್ನ ಕೈಗೆ ಕೊಟ್ಟಳು. "ನಾನಾದ್ರೂ ಮುಖಕ್ಕೆ ಹೇಳಿದ್ದೆ ಕಣೇ" ಎಂದಳು.

ನೋವಿನ ಮಾತ್ರೆ ತಲೆಯನ್ನು ಮಂಕು ಮಾಡುತ್ತದೆ ಎಂದು ನರ್ಸು ಹೇಳಿದ್ದು ನಿಜ.

ಏಪ್ರಿಲ್ 8

ಪುರವಣಿ ಹಿಡಿದುಕೊಂಡು ಬಂದವರು ಒಂದು ವಾರ ಬಂದರು. ಬಂದವರು ಮತ್ತೆ ಬರಲಿಲ್ಲ. ಪ್ರದರ್ಶನ ಮುಗಿದಿದೆ, ಜನ ಕಡಿಮೆಯಾಗುವುದು ಸಹಜ.

ಗುಬ್ಬಿಯನ್ನು ಮ್ಯೂಸಿಯಂ ಒಳಗಿನ ಕ್ಯಾಂಟೀನಿನವರು ಕರೆದುಕೊಂಡಿದ್ದಾರಂತೆ. ಬಾರಿನಲ್ಲಿ ಕಾವಲುಗಾರನೊಬ್ಬ ಹೇಳಿದ, ನನಗೆ ಖುಷಿಯಾಗುತ್ತದೆ ಎಂದುಕೊಂಡಂತೆ.

ಏಪ್ರಿಲ್ 17

ಅಕ್ಕ ಕೋಲೂರಿಕೊಂಡು ನಡೆಯುತ್ತಾಳೆ. ಮಧ್ಯಾಹ್ನ ಊಟಕ್ಕೆ ಕರೆದರೆ, "ಡಾಕ್ಟರು ನಡೀಬೇಕು ಅಂದಿದ್ದಾರೆ" ಎಂದು ಭಾವನ ಭುಜ ಹಿಡಿದು ಹೊರಡುತ್ತಾಳೆ. ಬರುವಾಗ ಹೊಟ್ಟೆ ತುಂಬಿಸಿಕೊಂಡ ಮುಖ. ನಾನು ಇಟ್ಟ ತಟ್ಟೆ ಇಟ್ಟಲ್ಲೇ.

ಇವತ್ತು ಹಿಂದೆಯೇ ಹೋದೆ. ಜಗಳವಾಡುವುದೆಂದೇ ಹೋದದ್ದು. ಕ್ಯಾಂಟೀನು ತುಂಬಿತ್ತು. ಅಷ್ಟು ಜನರಲ್ಲಿ ಅಕ್ಕನ ಬಿಳಿ ತಲೆ ಕೂಡಲೇ ಕಂಡಿತು. ಗೋಡೆ ಪಕ್ಕದ ಮೇಜಿನಲ್ಲಿ ಅಕ್ಕ, ಭಾವ, ಎದುರಿಗೆ ಗುಬ್ಬಿ, ಕೆಲಸದ ನಡುವೆ ಕೂತವಳಂತೆ ಕುರ್ಚಿಯ ತುದಿಯಲ್ಲಿ. ಅಕ್ಕ ಒಂದು ತುತ್ತು ತಿಂದು ಏನೋ ಹೇಳಿದಳು. ಗುಬ್ಬಿ ಅದೇ ತಟ್ಟೆಯಿಂದ ಒಂದು ಚೂರು ಬಾಯಿಗಿಟ್ಟುಕೊಂಡು, ಕಣ್ಣು ಕಿರಿದು ಮಾಡಿ ಯೋಚಿಸಿ, ತಲೆಯಾಡಿಸಿದಳು. ಇಬ್ಬರೂ ನಕ್ಕರು.

ನನ್ನನ್ನು ಮೊದಲು ಕಂಡದ್ದು ಗುಬ್ಬಿ. ಎದ್ದು ನಿಂತಳು. ಅಕ್ಕ ತಿರುಗಿ ನೋಡಿದಳು. ಸಿಟ್ಟಿರಲಿಲ್ಲ ಆ ಮುಖದಲ್ಲಿ. ಕೋಲಿನ ತುದಿಯಿಂದ ಪಕ್ಕದ ಖಾಲಿ ಕುರ್ಚಿಯನ್ನು ಹಿಂದಕ್ಕೆ ತಳ್ಳಿದಳು.

"ಬಾರೇ, ತಿನ್ನು."

"ಗಿರಾಕಿಗಳು ಕಾಯ್ತಿದ್ದಾರೆ" ಎಂದೆ.

"ಕಾಯಲಿ."

"ಇಲ್ಲ, ಹೋಗ್ಬೇಕು."

ಗುಬ್ಬಿ ಒಳಗೆ ಹೋಗಿ, ಎಲೆಕೋಸಿನ ಪೈ ಒಂದು ತುಂಡು ಕಾಗದದಲ್ಲಿ ಸುತ್ತಿ ತಂದು ನನ್ನ ಕೈಯಲ್ಲಿಟ್ಟಳು. ಬೇಡ ಎನ್ನಬಹುದಿತ್ತು. ಅಷ್ಟು ಜನರ ಮುಂದೆ ಯಾಕೆ ರಂಪ ಎಂದು ತೆಗೆದುಕೊಂಡೆ.

ಅಂಗಡಿಗೆ ಬಂದೆ. ಒಬ್ಬರೂ ಇರಲಿಲ್ಲ. ಮೇಜುಗಳನ್ನು ಇನ್ನೊಮ್ಮೆ ಒರೆಸಿ, ಬಾಗಿಲಿಗೆ ಎದುರಾಗಿ ಕೂತು ಪೈ ತಿಂದೆ. ಉಪ್ಪು ತುಸು ಹೆಚ್ಚಾಗಿತ್ತು. ಕಾಗದಕ್ಕೆ ಅಂಟಿದ್ದನ್ನೂ ಬಿಡಲಿಲ್ಲ.